ಕಾಶವ್ವನ ಓಟು ಕಾಶವ್ವನದೇ

ಮುಂಬಯಿಯ ಬೈಕುಲ್ಲಾದಲ್ಲಿ ಸಾಲು ಖೋಲಿಗಳ ಆ ಚಾಳಿಗೆ ನಲ್ಲಿ ಒಂದೇ, ಜಗಳ ಮಾತ್ರ ನೂರೆಂಟು. ಬೆಳಗ್ಗೆ ನೀರು ಬಂದ ಕೂಡಲೇ ಬಟ್ಟೆ ಒಗೆಯುವವರು ಕಲ್ಲು ಹಿಡಿದು ಕೂರುತ್ತಿದ್ದರು. ಕೊಡ ತುಂಬಿಸಿಟ್ಟು ಕೆಲಸಕ್ಕೆ ಓಡಬೇಕಾದವರು ಹಿಂದೆ ನಿಂತು ಬೈಯುತ್ತಿದ್ದರು. ಸಂಜೆಯಾದರೆ ಗಂಡಸರ ಸರದಿ. 1957ರ ಚುನಾವಣೆ ಹತ್ತಿರ ಬಂದಿತ್ತು. ಮುಂಬಯಿ ಯಾರದು ಎಂಬ ವಾದ ಗ್ಯಾಲರಿಯ ಉದ್ದಕ್ಕೂ ನಡೆಯುತ್ತಿತ್ತು.

ವಿಜಾಪುರದ ಕಡೆಯ ದಾನಪ್ಪ ಗಿರಣಿಯಲ್ಲಿ ಮಗ್ಗ ನಡೆಸುವವನು. "ನನ್ನ ಬಾಜೂಕ ನಿಂತು ದುಡಿಯೋರು ಮರಾಠಿ ಮಂದಿ. ಈ ಊರು ಅವರ ಮಾತಿನ ರಾಜ್ಯದಾಗ ಇರಬೇಕು. ಅದ ನ್ಯಾಯ," ಎನ್ನುತ್ತಿದ್ದ.

ಎದುರು ಖೋಲಿಯ ಕೊರಗಪ್ಪ ಉಡುಪಿ ಹೋಟೆಲಿನ ಅಡುಗೆಯವನು. "ಎಂಥ ನ್ಯಾಯ ಮಾರಾಯ? ನನ್ನ ಇಡ್ಲಿ ತಿನ್ನುವವರಲ್ಲಿ ಗುಜರಾತಿ ಇದ್ದಾನೆ, ಪಾರ್ಸಿ ಇದ್ದಾನೆ, ಮದ್ರಾಸಿ ಇದ್ದಾನೆ. ಬೊಂಬಾಯಿ ಎಲ್ಲರದ್ದು. ಅದು ಬೇರೆಯೇ ಇರ್ಬೇಕು!"

ಇಬ್ಬರೂ ಗಂಟಲು ಹರಿದುಕೊಳ್ಳುತ್ತಿದ್ದರು. ಮರುದಿನ ಒಟ್ಟಿಗೆ ಕೂತು ಚಹಾ ಕುಡಿಯುತ್ತಿದ್ದರು.

ದಾನಪ್ಪನ ಹೆಂಡತಿ ಕಾಶವ್ವ ಇದನ್ನೆಲ್ಲ ಕೇಳುತ್ತ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಿನಗೇನು ಅನ್ನಿಸುತ್ತದೆ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಹಿಂದಿನ ಚುನಾವಣೆಯ ದಿನ ಅವಳು ಮನೆ ಬಿಟ್ಟು ಹೊರಟೇ ಇರಲಿಲ್ಲ.

ಒಂದು ದಿನ ಶೆಟ್ಟೆಪ್ಪ ಗ್ಯಾಲರಿಯಲ್ಲಿ ನಿಂತು ಕೂಗಿದ. ಅವನು ಚಾಳಿನ ಮಾಲೀಕನ ಮುಕಾದಮ. ನೀರು, ದೀಪ, ರಿಪೇರಿ ಎಲ್ಲ ಅವನ ಕೈಯಲ್ಲಿ.

"ಎಲ್ಲಾರೂ ಕೇಳ್ರಿ! ನಮ್ಮ ಮಾಲಕರ ಮನಷ್ಯಾ ನಿಂತಾನ. ಓಟು ಅವಗ ಬೀಳಬೇಕು. ಯಾರು ಎಲ್ಲಿ ಹಾಕ್ತೀರಿ ಅಂತ ನಮಗ ಗೊತ್ತಾಗ್ತೈತಿ. ಬ್ಯಾರೇದವಗ ಹಾಕಿದವರಿಗೆ ನೀರು ಬಂದ್!"

ಆ ಸಂಜೆ ಯಾರೂ ವಾದ ಮಾಡಲಿಲ್ಲ.

ಕಾಶವ್ವ ಪಕ್ಕದ ಖೋಲಿಗೆ ಹೋದಳು. ಅಲ್ಲಿ ಕನ್ನಡ ಶಾಲೆಯ ಟೀಚರ್ ಪ್ರಫುಲ್ಲಾ ಇದ್ದಳು. ಮಂಗಳೂರಿನವಳು.

"ಟೀಚರ್‌ಬಾಯಿ, ನಾವು ಹಾಕಿದ್ದು ಅವಗ ಖರೇ ಗೊತ್ತಾಗ್ತೈತೇನು?"

"ಸುಳ್ಳು ಕಾಶವ್ವ. ದೇವರಾಣೆ ಸುಳ್ಳು! ಪರದೆ ಹಿಂದೆ ನೀವೊಬ್ಬರೇ ಹೋಗುವುದು. ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ನಿಮ್ಮ ಚೀಟಿ ನಿಮಗೆ ಬೇಕಾದ ಪೆಟ್ಟಿಗೆಗೆ ಹಾಕಿ ಬರುವುದು. ಅಷ್ಟೇ."

ಬಾಗಿಲಲ್ಲಿ ನಿಂತಿದ್ದ ದಾನಪ್ಪ ತಲೆಯಾಡಿಸಿದ. "ಶಾಣ್ಯಾ ಮಾತು ಸಾಕ್ರೀ ಟೀಚರ್. ದೊಡ್ಡವರಿಗೆ ಎಲ್ಲಾ ಗೊತ್ತಾಗ್ತೈತಿ. ಈಕಿ ಮನ್ಯಾಗ ಇರಲಿ. ನೀರಿಲ್ಲದ ಹ್ಯಾಂಗ ಬಾಳೇ ಮಾಡೂದು?"

"ಹಾಗಾದ್ರೆ ಇಲ್ಲಿಯೇ ನೋಡುವ," ಎಂದಳು ಪ್ರಫುಲ್ಲಾ.

ಭಾನುವಾರ ಅವಳು ತನ್ನ ಖೋಲಿಯ ಬಾಗಿಲಿಗೆ ಸೀರೆ ಕಟ್ಟಿದಳು. ಒಳಗೆ ಎರಡು ಡಬ್ಬಿ ಇಟ್ಟಳು. ಒಂದರ ಮೇಲೆ ಸೀಮೆಸುಣ್ಣದಲ್ಲಿ ಕೊಡದ ಚಿತ್ರ, ಇನ್ನೊಂದರ ಮೇಲೆ ಒಗೆಯುವ ಕಲ್ಲು. "ಬೆಳಗ್ಗೆ ನಲ್ಲಿ ಮೊದಲು ಯಾರಿಗೆ? ಕೊಡದವರಿಗೋ, ಬಟ್ಟೆಯವರಿಗೋ? ಒಬ್ಬೊಬ್ಬರೇ ಒಳಗೆ ಹೋಗಿ ಚೀಟಿ ಹಾಕಿ."

ಚಾಳೇ ಸಾಲುಗಟ್ಟಿತು. ಶೆಟ್ಟೆಪ್ಪನ ತಾಯಿ ರಾಚವ್ವ ಕೂಡ ಕೋಲೂರಿಕೊಂಡು ಬಂದಳು. ಎಣಿಸಿದಾಗ ಕೊಡ ಗೆದ್ದಿತು. ಕೊಡದವರು ಚಪ್ಪಾಳೆ ತಟ್ಟಿದರು. ಬಟ್ಟೆಯವರು ಗೊಣಗುತ್ತಲೇ ಒಪ್ಪಿದರು.

ಪ್ರಫುಲ್ಲಾ ಚೀಟಿಗಳನ್ನೆಲ್ಲ ದಾನಪ್ಪನ ಮುಂದೆ ಸುರಿದಳು. "ಇದರಲ್ಲಿ ನಿಮ್ಮ ಹೆಂಡತಿಯದ್ದು ಯಾವುದು, ತೋರಿಸಿ ನೋಡುವ."

ದಾನಪ್ಪ ಚೀಟಿಗಳನ್ನು ಮಗುಚಿ ಮಗುಚಿ ನೋಡಿದ. "ಎಲ್ಲಾ ಒಂದ ಥರಾ ಅದಾವಲ್ಲ!"

ಎಲ್ಲರೂ ನಕ್ಕರು. ಅವನು ಹೆಂಡತಿಯ ಕಡೆ ತಿರುಗಿದ. "ಎದಕ್ಕ ಹಾಕಿದಿ?"

"ಹೇಳಂಗಿಲ್ಲ," ಎಂದಳು ಕಾಶವ್ವ.

ಮನೆಗೆ ಬಂದ ಮೇಲೂ ಅವನಿಗೆ ಸಮಾಧಾನವಿಲ್ಲ. "ಖರೇ ಓಟಿನಾಗ ನೀ ನನ್ನ ವಿರುದ್ಧ ಹಾಕಿದರ?"

"ಹಾಕಿದರ ಏನಾತು? ಕೊರಗಪ್ಪಣ್ಣ ನಿಮ್ಮ ವಿರುದ್ಧ ಅದಾನ. ಅವನ ಕೂಡ ಚಹಾ ಕುಡೀತೀರಿ. ನನ್ನ ಕೂಡ ಊಟಾ ಮಾಡಾಕ ಏನು ತೊಂದ್ರಿ?"

ದಾನಪ್ಪ ರೊಟ್ಟಿಯ ತಾಟು ಹತ್ತಿರ ಎಳೆದುಕೊಂಡ. "ಓಟಿನ ದಿನ ಮುಂಜಾನೆ ಲಗೂನ ಹೋಗಬೇಕು. ಬಿಸಲಾಗ್ತೈತಿ," ಎಂದ. ಕಾಶವ್ವನಿಗೆ ಅಷ್ಟು ಸಾಕಾಯಿತು.

ಚುನಾವಣೆಯ ದಿನ ಬೆಳಗಾಯಿತು. ನಲ್ಲಿಯ ಕೋಣೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಶೆಟ್ಟೆಪ್ಪ ಮುಂದೆ ಸ್ಟೂಲ್ ಹಾಕಿ ಕೂತಿದ್ದ.

"ಓಟು ಹಾಕಿ ಬಂದು, ಯಾರಿಗೆ ಹಾಕಿದಿರಿ ಅಂತ ನನ್ನ ಮುಂದ ಹೇಳ್ರಿ. ಆಮ್ಯಾಲೆ ನೀರು."

"ಬೆದರಿಸಿ ಓಟು ಕೇಳುವುದು ಅಪರಾಧ, ಗೊತ್ತುಂಟಾ?" ಪ್ರಫುಲ್ಲಾ ಕೇಳಿದಳು. ಅವನು ಮುಖ ತಿರುಗಿಸಿದ.

ಮಕ್ಕಳು ನೀರು ನೀರು ಎನ್ನುತ್ತಿದ್ದವು. ಒಲೆಯ ಮೇಲೆ ಇಡಲು ಹನಿ ನೀರಿಲ್ಲ. ಕೆಲವು ಹೆಂಗಸರು ಹಿಂದೆ ಸರಿದರು. ಆದರೆ ಕಾಶವ್ವ ತನ್ನ ಖಾಲಿ ಕೊಡವನ್ನು ಬೀಗದ ಮುಂದೆ ಇಟ್ಟಳು. ಸೆರಗು ಸರಿಮಾಡಿಕೊಂಡು ಹೊರಟಳು. ಹಿಂದೆ ಒಂದೊಂದೇ ಕೊಡ ಬಂದು ನಿಂತಿತು. ಕೊಡಗಳು ಸಾಲಿನಲ್ಲಿ ಉಳಿದವು, ಹೆಂಗಸರು ನಡೆದರು.

ಮುನಸಿಪಾಲಿಟಿ ಶಾಲೆಯಲ್ಲಿ ಕಾಶವ್ವನ ಬೆರಳಿಗೆ ಶಾಯಿ ಹಚ್ಚಿ ಕೈಗೆ ಚೀಟಿ ಕೊಟ್ಟರು. ಅವಳು ಪರದೆಯ ಹಿಂದೆ ಹೋದಳು. ಪೆಟ್ಟಿಗೆಗಳು ಸುಮ್ಮನೆ ಕೂತಿದ್ದವು. ಅಲ್ಲಿ ಶೆಟ್ಟೆಪ್ಪನಿಲ್ಲ, ಮಾಲೀಕನಿಲ್ಲ, ಗಂಡನೂ ಇಲ್ಲ. ಮುಂಬಯಿಗೆ ಬಂದ ಮೇಲೆ ಅವಳು ಹೀಗೆ ಒಬ್ಬಳೇ ನಿಂತು ಯೋಚಿಸಿದ್ದು ಅದೇ ಮೊದಲು. ಎಲ್ಲರ ಮಾತನ್ನೂ ನೆನೆದಳು. ಆಮೇಲೆ ತನಗೆ ಸರಿ ಕಂಡ ಪೆಟ್ಟಿಗೆಗೆ ಚೀಟಿ ಹಾಕಿದಳು. ಹೊರಗೆ ಬರುವಾಗ ಅವಳ ನಡಿಗೆಯೇ ಬೇರೆಯಾಗಿತ್ತು.

ಚಾಳಿಗೆ ಮರಳಿದಾಗ ಶೆಟ್ಟೆಪ್ಪ ಎದ್ದು ನಿಂತ. "ಯಾರಿಗೆ ಹಾಕಿದಿ?"

"ನನ್ನ ಗಂಡಗ ಹೇಳಿಲ್ಲ. ನಿನಗ ಹೇಳ್ತೇನೇನು?"

ಅವನು ಮುಂದಿನವಳನ್ನು ಕೇಳಿದ. "ಹೇಳಂಗಿಲ್ಲ." ಅದರ ಮುಂದಿನವಳನ್ನು ಕೇಳಿದ. "ಹೇಳುದಿಲ್ಲ ಹೋಗು." ಸಾಲಿನ ಉದ್ದಕ್ಕೂ ಅದೇ ಉತ್ತರ.

ಆಗ ದಾನಪ್ಪ, ಕೊರಗಪ್ಪ ಇಬ್ಬರೂ ಹೆಗಲಿಗೆ ಹೆಗಲು ಹಚ್ಚಿ ಮುಂದೆ ಬಂದರು.

"ನಾನೂ ಇವನೂ ಒಂದೇ ಕಡೆ ಹಾಕಲಿಲ್ಲ, ಅದು ಇಡೀ ಚಾಳಿಗೆ ಗೊತ್ತುಂಟು," ಎಂದ ಕೊರಗಪ್ಪ. "ಆದ್ರೆ ನೀರು ಇಬ್ಬರಿಗೂ ಬೇಕು. ಕೀಲಿ ಕೊಡು ಮಾರಾಯ."

"ಬಂದ್ ಮಾಡೂದಾದರ ಎಲ್ಲಾರಿಗೂ ಮಾಡು," ಎಂದ ದಾನಪ್ಪ. "ಪೋಲೀಸರ ಮುಂದನೂ ಹಂಗ ಹೇಳು. ಓಟಿನ ಸಾಲಿ ಬಾಗಲದಾಗ ಅದಾರ, ಕರೀಲೇನು?"

ಶೆಟ್ಟೆಪ್ಪ ಅತ್ತಿತ್ತ ನೋಡಿದ. ಅಷ್ಟರಲ್ಲಿ ಗುಂಪು ಸರಿಸಿಕೊಂಡು ರಾಚವ್ವ ಬಂದಳು. ಅವಳ ಬೆರಳಲ್ಲೂ ಶಾಯಿ.

"ಯವ್ವಾ, ನೀನರ ನಮ್ಮವಗ ಹಾಕಿದಿ ಹೌದಿಲ್ಲೋ?" ಎಂದು ಶೆಟ್ಟೆಪ್ಪ ಕೇಳಿದ.

"ನಾ ಎಲ್ಲಿ ಹಾಕೀನಿ ಅಂತ ನಿಮ್ಮಪ್ಪ ಎದ್ದು ಬಂದು ಕೇಳಿದರೂ ಹೇಳಂಗಿಲ್ಲ," ಎಂದಳು ಮುದುಕಿ. "ಬೀಗಾ ತಗೀ. ಬಾಯಿ ಒಣಗೇತಿ."

ಬೀಗ ತೆರೆಯಿತು. ನೀರು ಭರ್ರೆಂದು ಬಂತು. ಹೆಂಗಸರು ಹೋ ಎಂದು ಕೂಗಿದ ಸದ್ದು ರಸ್ತೆಯ ಟ್ರಾಮಿನವರೆಗೂ ಕೇಳಿಸಿತು. ಮೊದಲ ಕೊಡ ರಾಚವ್ವನಿಗೆ.

ಆ ದಿನದಿಂದ ಆ ಚಾಳಿನಲ್ಲಿ ನೀರಿನ ಬೆದರಿಕೆ ಹಾಕಲು ಯಾರಿಗೂ ಧೈರ್ಯ ಬರಲಿಲ್ಲ. ಜಗಳ ನಿಂತಿತೇ? ಇಲ್ಲ. ಅಂದು ಸಂಜೆಯೇ ಮುಂಬಯಿ ಯಾರದು ಎಂದು ದಾನಪ್ಪ, ಕೊರಗಪ್ಪ ಮತ್ತೆ ಶುರುಮಾಡಿದರು. ಕಾಶವ್ವ ಹೊರಗೆ ಬಂದು ಇಬ್ಬರ ನಡುವೆ ಕೂತಳು.

"ಸಾಕು ತಡೀರಿ. ಈಗ ನಾ ಹೇಳ್ತೇನಿ, ಕೇಳ್ರಿ."

ಇಬ್ಬರೂ ಬಾಯಿ ಮುಚ್ಚಿ ಕೇಳಿದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಚಾಳಿನಲ್ಲೂ ಹತ್ತು ಮಂದಿಗೆ ಹತ್ತು ಅಭಿಪ್ರಾಯ ಇರಬಹುದು. ಇರಲಿ. ವಾದ ಮಾಡಿ, ಆದರೆ ಓಟಿನ ದಿನ ಮನೆಯಲ್ಲಿ ಕೂರಬೇಡಿ. ನಿಮ್ಮ ಓಟು ಗುಟ್ಟಿನದು. ಅದನ್ನು ಗಂಡ ಕೇಳುವಂತಿಲ್ಲ, ಮುಕಾದಮ ಕೇಳುವಂತಿಲ್ಲ, ಮಾಲೀಕನೂ ಕೇಳುವಂತಿಲ್ಲ. ಯಾರಾದರೂ ಹೆದರಿಸಿದರೆ ಮತಗಟ್ಟೆಯ ಅಧಿಕಾರಿಗೆ ಹೇಳಿ, ಪೋಲೀಸರಿಗೆ ಹೇಳಿ. ಅಮ್ಮನನ್ನು, ಅತ್ತೆಯನ್ನು, ಅಕ್ಕಪಕ್ಕದವರನ್ನು ಕರೆದುಕೊಂಡು ಹೋಗಿ. ಪರದೆಯ ಹಿಂದೆ ಮಾತ್ರ ಒಬ್ಬೊಬ್ಬರೇ ನಡೆಯಿರಿ, ತಲೆ ಎತ್ತಿ!