ಬಂಗುಡೆಯ ಲೈಟು

ನನ್ನ ಅಣ್ಣ ಪ್ರೇಮನಾಥ ಹಕ್ಕಿಗೆ ಬಂಗುಡೆ ಎಂದು ಹೆಸರಿಟ್ಟಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅದು ಕಾಕಟೀಲ್, ಗಿಳಿಯ ಜಾತಿಯದು. ಬೂದು ಮೈ, ಕೆನ್ನೆಯಲ್ಲಿ ಕಿತ್ತಳೆ ಬೊಟ್ಟು, ತಲೆಯ ಮೇಲೊಂದು ಜುಟ್ಟು. ಮೀನು ಹಿಡಿಯುವವನಿಗೆ ಬೇರೆ ಹೆಸರು ಎಲ್ಲಿಂದ ಹೊಳೆಯಬೇಕು? ಮಕ್ಕಳಿಲ್ಲದ ಮನೆ. ಗಂಡ ಹೆಂಡತಿ ಇಬ್ಬರೂ ಅದನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದರು.

ಕಳೆದ ವರ್ಷ ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿದ ವಾರವೇ ಅಣ್ಣನ ಬೋಟು ಮಗುಚಿತು. ಜೊತೆಗಿದ್ದವರು ಬದುಕಿ ಬಂದರು. ಅಣ್ಣ ಬರಲಿಲ್ಲ, ಅವನ ಹೆಣವೂ ಸಿಗಲಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ. ಆ ಗಾದೆಯನ್ನು ನಮ್ಮಲ್ಲಿ ಈಗ ಯಾರೂ ಹೇಳುವುದಿಲ್ಲ.

ಗಂಡಸರು ಕಡಲಿನಲ್ಲಿರುವಾಗ ಚಾವಡಿಯ ಲೈಟು ಆರಿಸಬಾರದು ಎಂಬುದು ನಮ್ಮ ಅಮ್ಮ ಹಾಕಿಕೊಟ್ಟ ಕ್ರಮ. ಹೊರಗಿನ ಲೈಟು ದಾರಿಹೋಕರಿಗೆ, ಒಳಗಿನದು ನಮ್ಮವರಿಗೆ ಎನ್ನುತ್ತಿದ್ದಳು. ಅಮ್ಮ ತೀರಿಹೋದ ಮೇಲೆ ಅತ್ತಿಗೆ ವಾರಿಜಾಕ್ಷಿ ಅದನ್ನು ಬಿಡದೆ ನಡೆಸಿದರು. ಅಣ್ಣ ಹೋದ ದಿನ ಹಾಕಿದ ಲೈಟನ್ನು ಅವರು ಆರಿಸಲೇ ಇಲ್ಲ. ಉತ್ತರಕ್ರಿಯೆಯ ಬೊಜ್ಜ ಮಾಡಿ ಮುಗಿಸುವ, ಅವನ ಆತ್ಮಕ್ಕೂ ಒಂದು ದಾರಿ ಆಗಲಿ ಎಂದು ಹಿರಿಯರು ಬಂದರೆ, ಚಹಾ ಕೊಟ್ಟು, ಉರಿಯುವ ಲೈಟು ತೋರಿಸಿ ಕಳಿಸುತ್ತಿದ್ದರು.

ಬೋಳಾರದ ಆ ಮನೆಯಲ್ಲಿ ಇರುವುದೇ ಒಂದು ಚಾವಡಿ, ಒಂದು ಅಡಿಗೆಕೋಣೆ. ಪಕ್ಕದಲ್ಲಿ ಫ್ಲ್ಯಾಟು ಎದ್ದ ಮೇಲೆ ಬಿಸಿಲು ಕಣ್ಮರೆಯಾಯಿತು. ಜಗಲಿಯಲ್ಲಿ ಗೂಡು ಇಟ್ಟರೆ ಬೆಕ್ಕು, ಕಾಗೆ. ಬಂಗುಡೆ ಮಂಕಾಯಿತು, ತನ್ನ ಪುಕ್ಕವನ್ನು ತಾನೇ ಕಿತ್ತುಕೊಳ್ಳತೊಡಗಿತು. ನಾನೇ ಅದನ್ನು ಬಲ್ಮಠದ ಡಾಕ್ಟರ್ ಶೆರ್ವಿನ್ ಹತ್ತಿರ ಕೊಂಡುಹೋದೆ.

"ಇದಕ್ಕೆ ಬಿಸಿಲು ಬೇಕು," ಎಂದರು ಅವರು. "ಕಿಟಕಿ ಗಾಜಿನಿಂದ ಒಳಗೆ ಬರುವ ಬಿಸಿಲು ಸಾಕಾಗುದಿಲ್ಲ. ಹಕ್ಕಿಗಳಿಗೆ ಅಂತಲೇ ಯುವಿ ಲೈಟ್ ಉಂಟು, ಅದನ್ನು ಹಾಕಿ. ಬೆಳಿಗ್ಗೆ ಹಾಕಿ, ಸಂಜೆ ಆರಿಸಿ."

ತಂದುಕೊಟ್ಟೆ. ಚಾವಡಿಯ ಹಳೆಯ ಟ್ಯೂಬ್‌ಲೈಟು ತೆಗೆಸಿ, ಅತ್ತಿಗೆ ಅದೇ ಜಾಗದಲ್ಲಿ ಇದನ್ನು ಹಾಕಿಸಿದರು. ಹಾಕಿ ಎಂದದ್ದು ಅವರ ಕಿವಿಗೆ ಬಿತ್ತು, ಆರಿಸಿ ಎಂದದ್ದು ಬೀಳಲಿಲ್ಲ. ನಾನು ಬೈದೆ. "ನಿನ್ನ ಅಣ್ಣನಿಗೂ ಆಯ್ತು, ಬಂಗುಡೆಗೂ ಆಯ್ತು. ನಿನ್ನದೆಂತ ಗಲಾಟೆ?" ಎಂದು ನನ್ನ ಬಾಯಿ ಮುಚ್ಚಿಸಿದರು.

ಪುಕ್ಕ ಮತ್ತೆ ಬಂತು. ಒಂದು ಬೆಳಿಗ್ಗೆ, ಇಷ್ಟು ದಿನ ನಾವೆಲ್ಲ ಗಂಡು ಎಂದುಕೊಂಡಿದ್ದ ಬಂಗುಡೆ ಮೊಟ್ಟೆ ಇಟ್ಟಿತು! ಅತ್ತಿಗೆಯ ಫೋನ್ ಬಂತು. ಅವರ ದನಿಯಲ್ಲಿ ಅಷ್ಟು ಗೆಲುವನ್ನು ನಾನು ಕೇಳದೆ ಎಷ್ಟೋ ಕಾಲವಾಗಿತ್ತು.

"ಒಳ್ಳೆ ಸೂಚನೆ ಮಾರಾಯ್ತಿ. ಅವರು ಎಲ್ಲಿಯೋ ಇದ್ದಾರೆ ಮೋಕ್ಷಾ."

ಮತ್ತೊಂದು ಮೊಟ್ಟೆ, ಮಗುದೊಂದು. ಅತ್ತಿಗೆ ಒಂದೊಂದನ್ನೂ ದೇವರ ಫೋಟೋದ ಮುಂದೆ ಅಕ್ಕಿಯ ಮೇಲೆ ಇಟ್ಟು ಕೈಮುಗಿಯುತ್ತಿದ್ದರು. ಗಂಡಿಲ್ಲದೆ ಇಟ್ಟ ಮೊಟ್ಟೆಯಲ್ಲಿ ಮರಿಯಾಗುವುದಿಲ್ಲ ಎಂದು ಹೇಳಲು ನನಗೂ ಮನಸ್ಸಾಗಲಿಲ್ಲ. ನಗುವ ಮುಖವನ್ನು ಯಾರು ಕೆಡಿಸುತ್ತಾರೆ?

ಮೊನ್ನೆ ಬಂಗುಡೆ ಗೂಡಿನ ನೆಲದಲ್ಲಿ ಮೈ ಉಬ್ಬಿಸಿಕೊಂಡು ಕೂತಿತ್ತು. ಬಾಲ ನಡುಗುತ್ತಿತ್ತು. ಇಬ್ಬರೂ ಅದನ್ನು ಎತ್ತಿಕೊಂಡು ಬಲ್ಮಠಕ್ಕೆ ಓಡಿದೆವು. ಮೊಟ್ಟೆ ಒಳಗೇ ಸಿಕ್ಕಿಕೊಂಡಿತ್ತು. ಡಾಕ್ಟ್ರು ಅದನ್ನು ಹೇಗೋ ಹೊರಗೆ ತೆಗೆದರು, ಇಂಜೆಕ್ಷನ್ ಕೊಟ್ಟರು. ಆಮೇಲೆ ಅತ್ತಿಗೆಯನ್ನು ಕೇಳಿದರು.

"ರಾತ್ರಿ ಲೈಟ್ ಆರಿಸ್ತೀರಲ್ಲ?"

ಅತ್ತಿಗೆ ನೆಲ ನೋಡಿದರು. ನಾನು ಇಲ್ಲ ಎಂದೆ.

"ಬೆಳಕು ಮುಗಿಯದಿದ್ರೆ ಹಕ್ಕಿಗೆ ಮರಿ ಮಾಡುವ ಕಾಲ ಬಂತು ಅಂತ ಅನ್ಸುದು ಅಮ್ಮ. ಇಡ್ತಾ ಹೋಗ್ತದೆ. ಆ ಚಿಪ್ಪಿಗೆ ಬೇಕಾದ ಸುಣ್ಣ ಇದರ ಎಲುಬಿನಿಂದಲೇ ಹೋಗುದು. ಇನ್ನೊಂದು ಇಟ್ರೆ ಇದು ಉಳಿಯುದಿಲ್ಲ. ಇವತ್ತಿನಿಂದಲೇ ಕತ್ತಲೆ ಕೊಡಿ."

ಆಟೋದಲ್ಲಿ ಗೂಡನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತಿಗೆ ಕಲ್ಲಿನ ಹಾಗೆ ಕೂತಿದ್ದರು. ಹಕ್ಕಿಯನ್ನು ಬೈಕಂಪಾಡಿಯ ನಮ್ಮ ಮನೆಗೆ ಕೊಂಡುಹೋಗ್ತೇನೆ ಎಂದೆ.

"ಅವರು ಬಂದು ಬಂಗುಡೆ ಎಲ್ಲಿ ಅಂತ ಕೇಳಿದ್ರೆ ನಾನು ಎಂತ ಹೇಳುದು?"

"ಅಡಿಗೆಕೋಣೆಯಲ್ಲಿ ಇಡುವನಾ?"

"ಗ್ಯಾಸಿನ ಹೊಗೆಗೆ ಉಳಿಯುದಿಲ್ಲ ಅಂತ ಡಾಕ್ಟ್ರು ಮೊದಲೇ ಹೇಳಿದ್ದಾರೆ. ಬಟ್ಟೆ ಮುಚ್ಚಿ ನೋಡಿದ್ದೇನೆ, ಹೆದರಿ ರೆಕ್ಕೆ ಬಡಿದು ರಕ್ತ ಮಾಡಿಕೊಳ್ತದೆ."

ನನ್ನ ಸಿಟ್ಟು ನೆತ್ತಿಗೇರಿತು. ನನ್ನ ನಾಲಗೆಗೆ ಮೊದಲೇ ಎಲುಬಿಲ್ಲ.

"ಸತ್ತವನಿಗೋಸ್ಕರ ಬದುಕಿದ್ದನ್ನು ಕೊಲ್ತೀರಾ ಅತ್ತಿಗೆ?"

ಸತ್ತವನು. ನನ್ನ ಅಣ್ಣನ ಬಗ್ಗೆ ನಾನು ಆ ಮಾತು ಹೇಳಿಬಿಟ್ಟಿದ್ದೆ.

ಮನೆಗೆ ಬಂದಾಗ ಮುಸ್ಸಂಜೆ. ಅತ್ತಿಗೆ ಗೂಡನ್ನು ಅದರ ಜಾಗದಲ್ಲಿ ತೂಗುಹಾಕಿ ಸ್ವಿಚ್ಚಿನ ಹತ್ತಿರ ಹೋದರು. ಕೈ ಎತ್ತಿದರು, ಇಳಿಸಿದರು. ಮತ್ತೆ ಎತ್ತಿದರು.

"ನನ್ನಿಂದ ಆಗುದಿಲ್ಲ. ನೀನು ಅವರ ಒಡಹುಟ್ಟಿದವಳು. ನೀನೇ ಆರಿಸು."

ದಾರಿಯಲ್ಲಿ ಅಷ್ಟು ದೊಡ್ಡ ಮಾತಾಡಿದವಳು ಸ್ವಿಚ್ಚಿನ ಮೇಲೆ ಬೆರಳಿಟ್ಟೆ. ಅಣ್ಣನ ಕಣ್ಣನ್ನು ನಾನೇ ಮುಚ್ಚುತ್ತಿದ್ದೇನೆ ಅನಿಸಿತು. ಗೂಡಿನ ಕಡೆ ನೋಡಿದೆ. ಬಂಗುಡೆ ಕಣ್ಣು ಬಿಟ್ಟುಕೊಂಡು, ನಿಲ್ಲಲಾಗದೆ ಕಂಬಿಗೆ ಒರಗಿತ್ತು. ನಾನು ಸ್ವಿಚ್ಚು ಒತ್ತಿದೆ.

ಚಾವಡಿ ಕತ್ತಲಾಯಿತು. ಹಕ್ಕಿ ಒಮ್ಮೆ ರೆಕ್ಕೆ ಕೊಡವಿತು. ಆಮೇಲೆ ಕುತ್ತಿಗೆ ಹಿಂದಕ್ಕೆ ತಿರುಗಿಸಿ, ಬೆನ್ನಿನ ಪುಕ್ಕದಲ್ಲಿ ಕೊಕ್ಕು ಹುದುಗಿಸಿ ಹಾಗೇ ನಿದ್ದೆಹೋಯಿತು.

"ಪಾಪ, ಎಷ್ಟು ದಿನದ ನಿದ್ರೆಯೋ ಎಂತದೋ," ಎಂದರು ಅತ್ತಿಗೆ.

ನಾವು ನೆಲದ ಮೇಲೆ ಕೂತೆವು. ಅವರು ಮೆಲ್ಲಗೆ ಕೇಳಿದರು.

"ಮೋಕ್ಷಾ, ನೀರಿನ ಅಡಿಯಲ್ಲಿಯೂ ಇಷ್ಟೇ ಕತ್ತಲೆ ಇರ್ತದಾ?"

ಅಣ್ಣ ನೀರಿನಲ್ಲಿದ್ದಾನೆ ಎಂದು ಅವರು ಒಪ್ಪಿದ್ದು ಅದೇ ಮೊದಲು. ನಾನು ಅವರನ್ನು ಬಾಚಿ ತಬ್ಬಿಕೊಂಡೆ. ಬಂಗುಡೆಗೆ ಎಚ್ಚರವಾಗಬಾರದೆಂದು, ಇಬ್ಬರೂ ಬಾಯಿಗೆ ಬಟ್ಟೆ ಒತ್ತಿಕೊಂಡು ಅತ್ತೆವು.