ಮಡಿಪೆಟ್ಟಿಗೆಯ ಕಲ್ದಾರ್

ನಮ್ಮನೆಯವರು ಮಾನ್ವಿಯ ಶಾಲೆಯಲ್ಲಿ ಮಾಸ್ತರರು. ಕಲಿಸುತ್ತಿದ್ದದ್ದು ಉರ್ದುವಿನಲ್ಲಿ, ಸಂಬಳ ನಿಜಾಮರ ಹಾಲಿ ರೂಪಾಯಿಯಲ್ಲಿ, ಕನಸು ಮಾತ್ರ ಭಾರತದ್ದು. ನಲವತ್ತೇಳರಲ್ಲಿ ಸುತ್ತಲಿನವರಿಗೆಲ್ಲ ಸ್ವಾತಂತ್ರ್ಯ ಬಂದು ನಮಗೆ ಬರದೆ ಹೋದಾಗ ಅವರಿಗೊಂದು ಹುಚ್ಚು ಹಿಡಿಯಿತು. ಸಂಬಳದಲ್ಲಿ ಉಳಿದದ್ದನ್ನೆಲ್ಲ ಹೊಳೆಯಾಚೆ ಭಾರತದ ಸೀಮೆಯವರ ಕೈಯಲ್ಲಿ ಕಲ್ದಾರಿಗೆ, ಅಂದರೆ ಭಾರತದ ರೂಪಾಯಿಗೆ, ನಷ್ಟಕ್ಕೇ ಬದಲಿಸತೊಡಗಿದರು. "ಇದು ದುಡ್ಡಲ್ಲ, ನನ್ನ ನಂಬಿಕಿ" ಎನ್ನುತ್ತಿದ್ದರು. ಸಿಕ್ಕಿಬಿದ್ದರೆ ಜೈಲು. ಆ ನಂಬಿಕೆಯನ್ನು ನಾನು ನನ್ನ ಮಡಿಸೀರೆಗಳ ಪೆಟ್ಟಿಗೆಯ ತಳದಲ್ಲಿಟ್ಟೆ.

ಒಮ್ಮೆ ಪೊಲೀಸರು ಶೋಧಕ್ಕೆ ಬಂದರು. ಪಕ್ಕದ ಮನೆಯ ಗುಲ್ಶನ್ ಬೇಗಂ ಪೊಲೀಸರಿಗೆ ಅಡ್ಡ ನಿಂತಳು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಹಾಕಿ ಮಗಳು ವಾಹಿದಾಳನ್ನು ಸಾಕುತ್ತಿದ್ದವಳು.

"ಆ ಪೆಟಗಿ ಮುಟ್ಟಬ್ಯಾಡ್ರಿ ಸಾಬ್, ಮಡಿ ಅದ. ಹತ್ತು ವರ್ಷದಾಗ ನಾನೇ ಮುಟ್ಟಿಲ್ಲ."

ಅವರು ಹೊರಟುಹೋದರು. ಪೆಟ್ಟಿಗೆಯಲ್ಲಿ ಏನಿದೆಯೆಂದು ನಾನೇ ಅವಳಿಗೆ ಹೇಳಿದ್ದೆ.

ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ರಾಯಚೂರಿಗೆ ಬಂತು. ನಾವು ದೀಪ ಹಚ್ಚಿದೆವು. ಗುಲ್ಶನ್ ಬೇಗಂಳ ಮನೆಯ ಬಾಗಿಲು ಹೆದರಿಕೆಯಿಂದ ಎರಡು ವಾರ ತೆರೆಯಲಿಲ್ಲ. ಆಮೇಲೊಂದು ಸಂಜೆ ಗಂಟು ಹಿಡಿದು ಬಂದಳು. ವಾಹಿದಾಳನ್ನು ರಾಯಚೂರಿನ ಶಾಲೆಗೆ ಹಾಕಲು ಕೂಡಿಟ್ಟ ಇನ್ನೂರು ಹಾಲಿ.

"ಹಾಲಿ ಇನ್ನ ನಡ್ಯಾಂಗಿಲ್ಲಂತ ಬಜಾರದಾಗ ಅನ್ನಾಕತ್ತಾರ. ಏನರ ಕೊಡ್ರಿ ಮಾಸ್ತರ."

ಹಾಲಿ ಹಳೆಯ ದರದಲ್ಲೇ ನಡೆಯುತ್ತದೆಂದು ಅದೇ ದಿನ ರಾಯಚೂರಿನಲ್ಲಿ ಕೇಳಿಕೊಂಡು ಬಂದು ನಮ್ಮನೆಯವರು ನನಗೆ ಹೇಳಿದ್ದರು. ಈಗ ಗಂಟಲು ಸರಿಮಾಡಿಕೊಂಡು, "ಎಂಬತ್ತು ಕಲ್ದಾರ್ ಕೊಡಬಹುದು ನೋಡ್ರಿ" ಎಂದರು. ಹಳೆಯ ದರಕ್ಕೆ ನೂರಾ ಎಪ್ಪತ್ತರ ಮೇಲೆ ಬರಬೇಕಿತ್ತು; ಇದು ಅದರ ಅರ್ಧವೂ ಅಲ್ಲ. ದೇವದುರ್ಗದಲ್ಲಿ ಒಂದು ಜಾಗ ಅವರ ಕಣ್ಣಿಗೆ ಬಿದ್ದಿತ್ತು, ಅದರ ಆಸೆ ನನಗೂ ಇತ್ತು. ಸುಮ್ಮನಿದ್ದೆ.

ಮುಟ್ಟದಂತೆ, ಎಂದಿನ ಹಾಗೆ, ದುಡ್ಡನ್ನು ಮೇಲಿನಿಂದ ಅವಳ ಸೆರಗಿಗೆ ಹಾಕಿದೆ.

"ನಮ್ಮ ಸಲುವಾಗಿ ಲುಕ್ಸಾನ್ ಮಾಡ್ಕೊಂಡ್ರಿ ಜಯಾಬಾಯಿ" ಎಂದು ಅವಳು ಕಣ್ಣೊರೆಸಿಕೊಂಡಳು.

ರಾತ್ರಿ ದೀಪ ಆರಿಸಿದೆ. "ನಿಮ್ಮ ನಂಬಿಕಿ ಇದನ್ನ ಮಾಡಾಕ ಬಂತೇನ್ರೀ?" ಎಂದೆ.

"ಇಷ್ಟು ದಿನ ನಷ್ಟ ತಿಂದವ ನಾನು" ಎಂದು ಅವರು ಮಗ್ಗುಲಾದರು. ಅವರನ್ನು ಬೈಯಲು ನನಗೇನು ಬಾಯಿತ್ತು?

ಬೆಳಿಗ್ಗೆ ಮಿಂದು, ಮಡಿಯುಟ್ಟು, ಗಂಟು ತೆಗೆದುಕೊಂಡು ಅವಳ ಬಾಗಿಲಿಗೆ ಹೋದೆ. ಹಾಲಿ ನಡೆಯುವ ಸಂಗತಿ ಹೇಳಿದೆ. ನಿನ್ನೆಯೇ ನಮಗೆ ಗೊತ್ತಿತ್ತು ಎಂದೂ ಹೇಳಿದೆ. ಅವಳು ಒಳಗೆ ಹೋದಳು. ಒಳಗಿನಿಂದ ಎಂಬತ್ತು ಕಲ್ದಾರ್ ತಂದು ಹೊಸ್ತಿಲ ಮೇಲಿಟ್ಟು, ಗಂಟಿಗಾಗಿ ಸೆರಗೊಡ್ಡಿದಳು. ನಾನು ಹಾಕಲಿಲ್ಲ. ಅವಳ ಕೈ ಹಿಡಿದು ಅಂಗೈಯಲ್ಲಿಟ್ಟೆ.

ಬೆಚ್ಚಿಬಿದ್ದಳು. "ಮಡಿ ಕೆಡತದ್ರೀ!"

"ನಿನ್ನಿ ಸಂಜೀಗೇ ಕೆಟ್ಟದ" ಎಂದೆ.