ಸುದ್ದಿ ಮೊದಲು ತಿಳಿದವಳು

ಡ್ಯಾಮಿನಿಂದ ಹೊಳೆಗೆ ನೀರು ಬಿಡುತ್ತಾರೆ ಅನ್ನುವ ಸುದ್ದಿ ಊರಿನಲ್ಲಿ ಮೊದಲು ಬರುವುದು ಆಶಾ ಕಾರ್ಯಕರ್ತೆ ದಾಕ್ಷಾಯಣಿಯ ಫೋನಿಗೆ. ಸಿರುಗುಪ್ಪ ತಾಲೂಕಿನ ಹೊಳೆದಂಡೆಯ ಊರು, ಕೆಳಗಿನ ಓಣಿ ಮುಳುಗುವುದು ಹೊಸದೇನಲ್ಲ. ಆದರೂ ಬಾಗಿಲು ಬಡಿದು ಹೇಳದಿದ್ದರೆ ಒಬ್ಬರೂ ಏಳುವ ಪೈಕಿ ಅಲ್ಲ.

"ರಾತ್ರಿಗೆ ನೀರು ಬರತೈತಿ, ದನ ಬಿಚ್ಚಿಕೊಂಡು ದಿಬ್ಬದ ಮ್ಯಾಗಿನ ಕನ್ನಡ ಸಾಲಿಗೆ ನಡೀರಿ," ಎಂದು ಬೆಳಗ್ಗೆಯಿಂದ ಅವಳು ಗಂಟಲು ಹರಿದುಕೊಂಡಳು. ನೀರು ಬಿಡುವವಳು ಅವಳೇ ಅನ್ನುವ ಹಾಗೆ ಕೆಲವರು ಅವಳನ್ನೇ ಬೈದರು.

ಅವಳ ಮನೆಯೂ ಅದೇ ಓಣಿಯಲ್ಲಿ. ಗಂಡ ತೀರಿಕೊಂಡ ಮೇಲೆ ಅಲ್ಲಿದ್ದದ್ದು ಅವಳು ಮತ್ತು ಒಂದು ಎಮ್ಮೆ. ಆ ಕಡೆ ದನ ಕಟ್ಟುವುದು ಮನೆಯೊಳಗೇ, ಬಾಗಿಲು ದಾಟಿದರೆ ಸಿಗುವ ಅಂಕಣದಲ್ಲಿ. ಅದು ಮೆಲುಕು ಹಾಕುವ ಸದ್ದು ಕೇಳಿದರೇ ಅವಳಿಗೆ ನಿದ್ದೆ. ಊರಿಗೆಲ್ಲ ಹೇಳಿ ಮುಗಿಸಿ ಕೊನೆಗೆ ಎಮ್ಮೆ ಹೊಡೆದುಕೊಂಡು ಹೋದರಾಯಿತೆಂದು ಬಾಗಿಲಿಗೆ ಬೀಗ ಹಾಕಿ ಬಂದಿದ್ದಳು.

ಕೊನೆಯ ಮನೆ ರಜಿಯಾಳದು. ಅವಳ ಸೊಸೆ ಕೌಸರ್ ತುಂಬು ಬಸುರಿ. ನೋವು ಶುರುವಾಗಿತ್ತು, ಕಾಲು, ಮುಖ ಬಾತಿದ್ದವು. ಕೌಸರಳ ಗಂಡ ಮುಬಶೀರ್ ಬಳ್ಳಾರಿಯ ಗ್ಯಾರೇಜಿನಲ್ಲಿದ್ದ. ದಾಕ್ಷಾಯಣಿ ಅತ್ತೆಸೊಸೆಯರನ್ನು ಟ್ರ್ಯಾಕ್ಟರಿಗೆ ಹತ್ತಿಸಿ ಸಿರುಗುಪ್ಪಕ್ಕೆ ಕರೆತಂದಳು. ಅದೇ ಟ್ರ್ಯಾಕ್ಟರಿನಲ್ಲಿ ತಿರುಗಿ ಹೋದರೆ ಎಮ್ಮೆ ಬಿಚ್ಚಲು ಬೇಕಾದಷ್ಟು ಹೊತ್ತಿತ್ತು.

ಆಸ್ಪತ್ರೆಯಲ್ಲಿ ಬಿಪಿ ನೋಡಿದವರು ತಡಮಾಡದೆ ಬಳ್ಳಾರಿಗೆ ಒಯ್ಯಿರಿ ಅಂದರು. ಆಂಬುಲೆನ್ಸ್ ಹತ್ತುವಾಗ ಕೌಸರ್ ದಾಕ್ಷಾಯಣಿಯ ಕೈ ಬಿಡಲಿಲ್ಲ.

"ಅಕ್ಕಾ, ನೀ ಬರಲಿಲ್ಲಂದ್ರ ನಾ ಸಾಯ್ತೀನಿ."

ಪಕ್ಕದ ಮನೆಯ ಚಿದಾನಂದಪ್ಪನಿಗೆ ಫೋನ್ ಮಾಡಿ ಬೀಗ ಒಡೆಸಿದರಾಯಿತೆಂದು ದಾಕ್ಷಾಯಣಿ ಹತ್ತಿದಳು. ರಜಿಯಾ ಮುಂದೆ ಡ್ರೈವರ್ ಪಕ್ಕ ಕೂತಳು. ಹಳ್ಳ ತುಂಬಿ ದೊಡ್ಡ ರಸ್ತೆ ಮುಚ್ಚಿತ್ತು. ಕುರುಗೋಡಿನ ಮೇಲೆ ಸುತ್ತಿ ಹೋಗಬೇಕಾಯಿತು. ಎಷ್ಟು ಸಲ ಒತ್ತಿದರೂ ಫೋನ್ ಹೋಗಲೊಲ್ಲದು. ಕುರುಗೋಡು ಹತ್ತಿರ ಬಂದಾಗ ಹತ್ತಿತು.

"ಕಾಕಾ, ನನ್ನ ಎಮ್ಮಿ ಒಳಗೈತಿ. ಬೀಗ ಒಡೀರಿ!"



"ಯವ್ವಾ, ರಾತ್ರಿಗೆ ಅಂದಿದ್ದ ನೀರು ಆಗಲೇ ಬಂತು. ಓಣ್ಯಾಗ ಆಳುದ್ದ ಐತಿ. ನಾವೆಲ್ಲ ಸಾಲ್ಯಾಗ ಅದೀವಿ. ಬೀಗ ನೋಡಿ, ನೀ ಹೊಡಕೊಂಡು ಹೋಗೀದಿ ಅಂದ್ಕೊಂಡ್ವಿ. ಸುದ್ದಿ ಮೊದಲ ಗೊತ್ತಾಗಿದ್ದು ನಿನಗ ಅಲ್ಲೇನು?"

"ಒದರಲಿಲ್ಲೇನು ಕಾಕಾ ಅದು?"

"ಊರಾಗಿನ ದನ ಎಲ್ಲಾ ಒದರತಿದ್ದುವು. ಯಾರದು ಯಾವುದು ಅಂತ ಹ್ಯಾಂಗ ಗೊತ್ತಾಗಬೇಕವ್ವಾ?"

ಅವಳು ಯಾರ ಮೇಲೆ ಸಿಟ್ಟಾಗಬೇಕು? ಬೀಗ ಹಾಕಿದವಳು ಅವಳೇ. ಆದರೂ ಸಿಟ್ಟು ಬಂತು. ಇಡೀ ಊರಿನ ಬಾಗಿಲು ಬಡಿದವಳ ಬಾಗಿಲನ್ನು ಒಬ್ಬರೂ ಒಂದು ಸಲ ಬಡಿದು ನೋಡಲಿಲ್ಲ. ತನಗೆ ಯಾರೂ ಇಲ್ಲ ಅನ್ನುವುದು ಗಂಡ ಸತ್ತ ದಿನಕ್ಕಿಂತ ಈಗ ಹೆಚ್ಚು ಗೊತ್ತಾಯಿತು. ಅಷ್ಟರಲ್ಲಿ ಕೌಸರ್ ಚೀರಿದಳು. ದಾಕ್ಷಾಯಣಿ ಫೋನ್ ಕೆಳಗಿಟ್ಟು ಅವಳ ಬೆನ್ನು ನೀವಿದಳು.

ಸಂಜೆ ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಉಳಿದರು. ಮುಬಶೀರ್ ಕಂಡಕಂಡವರಿಗೆಲ್ಲ ಪೇಡೆ ಹಂಚಿದ. ದಾಕ್ಷಾಯಣಿ ತನ್ನ ಪಾಲಿನದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ರಜಿಯಾ ಖುಷಿಯಲ್ಲಿ ಬಂದು ಪಕ್ಕದಲ್ಲಿ ಕೂತಳು.

"ದಾಕ್ಷಾಯಣಮ್ಮಾ, ಊರಿಗೆ ಹೋದಮ್ಯಾಗ ಬಾಣಂತಿಗೆ ದಿನಾ ನಿಮ್ಮ ಎಮ್ಮಿ ಹಾಲೇ ಕೊಡ್ರಿ. ಪಾಕೀಟಿನ ಹಾಲು ಬ್ಯಾಡ."

ಹೇಳಿಬಿಡಬೇಕು ಅನ್ನಿಸಿತು. ಆದರೆ ಆ ಮುಖ ನೋಡಿ ಬಾಯಿ ಬರಲಿಲ್ಲ.

"ಎಮ್ಮಿ ಹಾಲು ಬತ್ಯಾವ್ರಿ."

"ಹೌದೇನು? ಮತ್ತ ಯಾವಾಗ ಕರು ಈಯತೈತ್ರಿ?"

ದಾಕ್ಷಾಯಣಿ ವಾರ್ಡಿನ ಕಡೆ ತಿರುಗಿದಳು. ಮಗು ಅಳತೈತಿ ನೋಡ್ರಿ ಅಂದಳು. ಮಗು ಅಳುತ್ತಿರಲಿಲ್ಲ.